ಧರ್ಮಾರ್ಥ ಪಾನಗೋಷ್ಠಿ

ಮದ್ಯದ ವಿಷಯವಾಗಿ ಮಾತನಾಡಲು ಎರಡು ಬಗೆಯ ಜನರಿಗೆ ಮಾತ್ರ ಅಧಿಕಾರವುಂಟೆಂದು ಲೋಕ ನಂಬಿದೆ. ಕುಡಿದು ಬಲ್ಲವರು ಒಂದು ಬಗೆ. ಕುಡಿಯಬೇಡಿರೆಂದು ಉಪದೇಶಿಸುವವರು ಇನ್ನೊಂದು ಬಗೆ. ನಾನು ಈ ಎರಡು ವರ್ಗಕ್ಕೂ ಸೇರಿದವನಲ್ಲ. ಕುಡಿದು ತಿಳಿದವನೂ ಅಲ್ಲ, ಉಪದೇಶಿಸಿ ಯಶಸ್ಸು ಪಡೆದವನೂ ಅಲ್ಲ. ಆದರೂ ಕೆಲವು ವರ್ಷಗಳ ಹಿಂದೆ, ಇಂಗ್ಲೆಂಡಿನ ಒಂದು ಚಿಕ್ಕ ಊರಿನಲ್ಲಿ, ಹನ್ನೆರಡು ಪೀಪಾಯಿ ಬಿಯರಿನ ಎದುರಿಗೆ ಒಂದು ಸಂಜೆಯೆಲ್ಲ ಕುಳಿತು ಎದ್ದು ಬಂದಿದ್ದೇನೆ. ಅಂದು ಮನಸ್ಸಿನಲ್ಲಿ ಎದ್ದ ಪ್ರಶ್ನೆ ಇನ್ನೂ ಪೂರ್ತಿಯಾಗಿ ಇಳಿದಿಲ್ಲ. ಅದನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬಿಯರು ತಯಾರಿಕೆಗೆ ಹೆಸರಾದ ಬರ್ಟನ್ ಅಪಾನ್ ಟ್ರೆಂಟ್ ಎಂಬ ಪಟ್ಟಣದಿಂದ ಅಷ್ಟೇನೂ ದೂರವಲ್ಲದ ಊರು ಅದು. ನನ್ನ ಮಗಳು ಅಳಿಯ ಅಲ್ಲಿ ಮನೆ ಮಾಡಿದ್ದರು. ಒಂದು ದಿನ ಬೀದಿಯ ಕೊನೆಯ ಅಂಚೆ ಪೆಟ್ಟಿಗೆಯ ಬಳಿ ಒಂದು ಭಿತ್ತಿಪತ್ರ ಕಂಡೆ. ಊರಿನ ಸಭಾಭವನದಲ್ಲಿ ಶುಕ್ರವಾರ ಮತ್ತು ಶನಿವಾರ ಬಿಯರಿನ ರುಚಿನೋಟ. ಬಂದ ಹಣವೆಲ್ಲ ಸಮೀಪದ ಹಾಸ್ಪೈಸಿಗೆ. ಗುಣವಾಗದ ಕಾಯಿಲೆಯವರನ್ನು ಅವರ ಕೊನೆಯ ದಿನಗಳಲ್ಲಿ ನೋವಿಲ್ಲದಂತೆ ನೋಡಿಕೊಳ್ಳುವ ಆರೈಕೆಯ ಮನೆಗೆ ಅಲ್ಲಿ ಹಾಸ್ಪೈಸ್ ಎನ್ನುತ್ತಾರೆ. ದಾನ ಮತ್ತು ಮದ್ಯ, ಈ ಎರಡು ಪದಗಳು ಒಂದೇ ಕಾಗದದ ಮೇಲೆ ಅಕ್ಕಪಕ್ಕದಲ್ಲಿ ಕುಳಿತಿದ್ದುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ಅಪ್ಪ, ನೀವು ಕುಡಿಯಬೇಕಾಗಿಲ್ಲ. ಬಂದು ಕೂತರೆ ಸಾಕು. ಊರಿನವರೆಲ್ಲ ಬರುತ್ತಾರೆ” ಎಂದಳು ಮಗಳು. ಅಳಿಯ ಮಾತ್ರ ಸಂಕೋಚದಿಂದ, “ಮಾವನವರಿಗೆ ಇಷ್ಟವಿಲ್ಲದಿದ್ದರೆ ಬಲವಂತ ಬೇಡ” ಎಂದರು. ನನ್ನ ಹಿಂಜರಿಕೆಗೆ ಕಾರಣ ಏನೆಂಬುದು ಅವರಿಗೆ ಗೊತ್ತಿತ್ತು.

ಆ ಕಾರಣವನ್ನು ನಿಮಗೂ ಹೇಳಿಬಿಡುವುದು ಒಳ್ಳೆಯದು. ನಮ್ಮ ಊರಿನಲ್ಲಿ ಸಂತೆಯ ಮಾಳಕ್ಕೆ ಹೋಗುವ ದಾರಿಯಲ್ಲಿ ಒಂದು ಸಾರಾಯಿ ಅಂಗಡಿಯಿತ್ತು. ನನ್ನ ಚಿಕ್ಕಪ್ಪ ಒಳ್ಳೆಯ ಹಾಡುಗಾರ, ಲೆಕ್ಕದಲ್ಲಿ ಚುರುಕು, ಮಕ್ಕಳೆಂದರೆ ಪ್ರಾಣ. ಆದರೆ ಸಂಜೆಯಾದರೆ ಅವರ ಕಾಲು ತಾನಾಗಿ ಆ ದಾರಿಗೆ ತಿರುಗುತ್ತಿತ್ತು. ಮೊದಲು ಗದ್ದೆ ಹೋಯಿತು, ಆಮೇಲೆ ಚಿಕ್ಕಮ್ಮನ ಕೊರಳಿನದು ಹೋಯಿತು, ಕೊನೆಗೆ ಚಿಕ್ಕಮ್ಮನೇ ತವರಿಗೆ ಹೋದಳು. 1974ರ ಮಳೆಗಾಲದಲ್ಲಿ ಚಿಕ್ಕಪ್ಪ ನಮ್ಮ ಮನೆಯ ಜಗುಲಿಯ ಮೇಲೆ, ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ಮೂರು ವಾರ ಮಲಗಿದ್ದು ತೀರಿಕೊಂಡರು. ಮನೆಯವರು ಹೊತ್ತಿಗೆ ಗಂಜಿ ಕೊಟ್ಟರು, ಇಲ್ಲವೆನ್ನಲಾರೆ. ಆದರೆ ಒಳಗೆ ಕರೆಯಲಿಲ್ಲ. ಮಾಡಿಕೊಂಡದ್ದನ್ನು ಉಣ್ಣುತ್ತಿದ್ದಾನೆ ಎಂಬ ಭಾವ ಎಲ್ಲರ ಮುಖದ ಮೇಲೂ ಇತ್ತು. ನನ್ನ ಮುಖದ ಮೇಲೂ ಇತ್ತೆಂದು ಈಗ ತೋರುತ್ತದೆ. ಅಂದಿನಿಂದ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಜಗುಲಿಯ ನೆನಪು ಬರುತ್ತದೆ.

ಇಷ್ಟಾದರೂ ಹೋದೆ. ಮುಪ್ಪಿನಲ್ಲಿ ಕುತೂಹಲ ಉಳಿದಿದ್ದರೆ ಅದು ಹಠವನ್ನು ಗೆಲ್ಲುತ್ತದೆ.

ಸಭಾಭವನವೆಂದರೆ ನಮ್ಮ ಊರಿನ ಛತ್ರದಂಥದು. ಬಾಗಿಲಲ್ಲಿ ಮೇಜು, ಮೇಜಿನ ಹಿಂದೆ ಎಪ್ಪತ್ತು ದಾಟಿದ ಒಬ್ಬ ಹಿರಿಯರು. ಹತ್ತು ಪೌಂಡು ಕೊಟ್ಟರೆ ಒಂದು ಗುರುತಿನ ಗಾಜಿನ ಲೋಟ, ಕೆಲವು ಚೀಟಿ. ಒಂದು ಚೀಟಿಗೆ ಪೈಂಟಿನ ಮೂರನೆಯ ಒಂದು ಭಾಗ ಬಿಯರು. ಪೈಂಟು ಎಂದರೆ 568 ಮಿಲಿಲೀಟರು. ಅದರಲ್ಲಿ ಮೂರನೆಯ ಒಂದು ಪಾಲೆಂದರೆ ನಮ್ಮ ದೊಡ್ಡ ಲೋಟದಷ್ಟು ಮಜ್ಜಿಗೆ. ರುಚಿ ನೋಡುವವರಿಗೆ ಅಷ್ಟು ಸಾಕೆಂದು ಈ ಅಳತೆ.

ಒಳಗೆ ಗೋಡೆಯುದ್ದಕ್ಕೆ ಮರದ ಅಟ್ಟಣೆ, ಅದರ ಮೇಲೆ ಪೀಪಾಯಿಗಳನ್ನು ಅಡ್ಡಡ್ಡಲಾಗಿ ಮಲಗಿಸಿದ್ದರು. ಒಂದೊಂದೂ ಒಂಬತ್ತು ಗ್ಯಾಲನಿನದು, ಅಂದರೆ ಸುಮಾರು 41 ಲೀಟರು. ಪ್ರತಿ ಪೀಪಾಯಿಗೂ ಊರಿನ ಒಬ್ಬರು ಹಣ ಕೊಟ್ಟು ಆಶ್ರಯದಾತರಾಗಿದ್ದರು. ಅವರ ಹೆಸರಿನ ಫಲಕ ಅದರ ಮೇಲೆ. ಒಂದಕ್ಕೆ ಮಾಂಸದಂಗಡಿಯವನು, ಒಂದಕ್ಕೆ ಮೋಟಾರು ರಿಪೇರಿಯವನು, ಒಂದಕ್ಕೆ ಶವಸಂಸ್ಕಾರದ ವ್ಯವಸ್ಥೆ ಮಾಡುವವನು. ಈ ಕೊನೆಯವನ ಪೀಪಾಯಿಯ ಮುಂದೆಯೇ ಎಲ್ಲಕ್ಕಿಂತ ಉದ್ದನೆಯ ಸಾಲು ನಿಂತಿದ್ದುದನ್ನು ಕಂಡು ನನಗೆ ನಗು ಬಂತು.

ಅಲ್ಲಿ ಬಿಯರು ಬಡಿಸುತ್ತಿದ್ದವರೆಲ್ಲ ಸ್ವಯಂಸೇವಕರು. ಅವರಲ್ಲೊಬ್ಬ ಶಾಲಾ ಮಾಸ್ತರರು, ಕುಡಿಯದೆ ನಿಂತ ನನ್ನನ್ನು ಕಂಡು, ಪಾಠ ಹೇಳುವ ಉತ್ಸಾಹದಿಂದ ಹತ್ತಿರ ಬಂದರು. ನಾನೂ ವಿಧೇಯ ವಿದ್ಯಾರ್ಥಿಯಂತೆ ಕೇಳಿದೆ. ಜವೆಗೋಧಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ ಹುರಿಯುತ್ತಾರೆ. ನಮ್ಮಲ್ಲಿ ಕೂಸುಗಳಿಗೆ ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡುವ ಕ್ರಮಕ್ಕೂ ಇದಕ್ಕೂ ಮೊದಲ ಹೆಜ್ಜೆಗಳಲ್ಲಿ ಭೇದವಿಲ್ಲ. ಮೊಳಕೆಯೊಡೆದಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಬಿಸಿನೀರಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆ ಸಿಹಿನೀರನ್ನು ಹಾಪ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸುತ್ತಾರೆ. ಕಹಿ ಬರುವುದು ಅದರಿಂದ, ಕೆಡದಂತೆ ಕಾಯುವುದೂ ಅದೇ. ಆರಿದ ಮೇಲೆ ಯೀಸ್ಟ್ ಸೇರಿಸಿ ಹುದುಗು ಬರಿಸುತ್ತಾರೆ. ಪೀಪಾಯಿಯೊಳಗೆ ಹೋದ ಮೇಲೂ ಈ ಹುದುಗು ನಿಲ್ಲುವುದಿಲ್ಲ. ಆದ್ದರಿಂದ ಈ ಬಿಯರಿಗೆ ಜೀವವುಂಟು ಎಂದರು ಮಾಸ್ತರರು. ತಂದ ಕೂಡಲೆ ಬಡಿಸುವಂತಿಲ್ಲ. ಮಲಗಿಸಿ, ಗಷ್ಟು ತಳಕ್ಕಿಳಿಯುವವರೆಗೆ ಕಾಯಬೇಕು. ಮೇಲಿನ ರಂಧ್ರಕ್ಕೆ ಮೆದುವಾದ ಮರದ ಬೆಣೆ ಹೊಡೆದು ಗಾಳಿ ಹದವಾಗಿ ಹೊರಡುವಂತೆ ಮಾಡಬೇಕು. ಹನ್ನೆರಡು ಹದಿಮೂರು ಡಿಗ್ರಿಯ ತಂಪಿನಲ್ಲಿ ಇಡಬೇಕು. ತೆರೆದ ಮೇಲೆ ಕೆಲವೇ ದಿನಗಳಲ್ಲಿ ಮುಗಿಸಬೇಕು, ಇಲ್ಲವಾದರೆ ಹುಳಿಯಾಗುತ್ತದೆ.

ಗಷ್ಟು ಬೇಗ ಇಳಿಯಲೆಂದು ಸಾಂಪ್ರದಾಯಿಕವಾಗಿ ಸೇರಿಸುವ ಪದಾರ್ಥವು ಮೀನಿನ ಗಾಳಿಚೀಲದಿಂದ ಬಂದದ್ದೆಂದು ತಿಳಿದಾಗ, ನನ್ನ ಸಸ್ಯಾಹಾರಕ್ಕೂ ಒಂದು ಗುರಾಣಿ ಸಿಕ್ಕಂತಾಯಿತು. “ಇದೊಂದು ಸಾಲದೆ ನನಗೆ?” ಎಂದೆ. ಮಾಸ್ತರರು ಬಿಡಲಿಲ್ಲ. “ಅದು ಸೇರದ ಪೀಪಾಯಿಗಳು ಎರಡಿವೆ, ಬನ್ನಿ ತೋರಿಸುತ್ತೇನೆ” ಎಂದರು!

ಈ ಬಗೆಯ ಬಿಯರು ಒಂದು ಕಾಲದಲ್ಲಿ ಅಳಿದುಹೋಗುವುದರಲ್ಲಿತ್ತಂತೆ. ದೊಡ್ಡ ಕಾರ್ಖಾನೆಗಳು ಹುದುಗನ್ನು ಸೋಸಿ ತೆಗೆದು, ಅನಿಲ ತುಂಬಿ ಕಳಿಸುವುದು ಲಾಭವೆಂದು ಕಂಡುಕೊಂಡಿದ್ದವು. 1971ರಲ್ಲಿ ನಾಲ್ವರು ತರುಣರು ಸೇರಿ, ಹಳೆಯ ಬಿಯರಿನ ಉಳಿವಿಗಾಗಿ ಒಂದು ಚಳವಳಿ ಹೂಡಿದರು. ಅದು ಬೆಳೆದು 1977ರಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ ಮೊದಲ ಮಹಾ ಬಿಯರ್ ಉತ್ಸವ ನಡೆಯಿತು. ಸ್ವಯಂಸೇವಕರೇ ನಡೆಸುವ ಇಂಥ ಮೇಳಗಳ ಪದ್ಧತಿ ಊರೂರಿಗೂ ಹಬ್ಬಿತು.

ಬಂದವರು ಲೋಟವನ್ನು ದೀಪಕ್ಕೆ ಹಿಡಿದು ಬಣ್ಣ ನೋಡುತ್ತಿದ್ದರು, ಮೂಸುತ್ತಿದ್ದರು, ಒಂದು ಗುಟುಕು ಕುಡಿದು ಕಾಗದದ ಮೇಲೆ ಗುರುತು ಹಾಕುತ್ತಿದ್ದರು. ಹುರಿದ ಕಾಫಿಯ ಬಣ್ಣದ್ದು ಒಂದು, ಜೇನಿನ ಬಣ್ಣದ್ದು ಇನ್ನೊಂದು. ಪಟ್ಟಿಯಲ್ಲಿ ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ಕಂಡು ನನ್ನ ಕಣ್ಣು ಅಲ್ಲಿ ನಿಂತಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಎಂಬಲ್ಲಿನ ಹಾಡ್ಜ್‌ಸನ್ ಎಂಬವನು ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ಹಿಂದುಸ್ಥಾನದ ಬಿಳಿಯರಿಗೆ ಬಿಯರು ಕಳಿಸುತ್ತಿದ್ದ. 1820ರ ದಶಕದಲ್ಲಿ ಬರ್ಟನ್ನಿನವರು ಆ ವ್ಯಾಪಾರಕ್ಕೆ ಕೈಹಾಕಿದರು. ತಿಂಗಳುಗಟ್ಟಲೆ ಕಡಲ ಪ್ರಯಾಣ ತಡೆಯಲು ಹಾಪ್ ಹೂವನ್ನು ಧಾರಾಳವಾಗಿ ಬಳಸಿದ ಆ ಕಹಿ ಪಾನೀಯಕ್ಕೆ ನಮ್ಮ ದೇಶದ ಹೆಸರು ಅಂಟಿಕೊಂಡಿತು. ನಾವು ಕುಡಿಯಲಿಲ್ಲ, ನಾವು ಮಾಡಲಿಲ್ಲ. ಹೆಸರು ಮಾತ್ರ ನಮ್ಮದು.

ದಾನಕ್ಕೂ ಬಿಯರಿಗೂ ಏನು ಸಂಬಂಧ ಎಂದು ನಾನು ಮಾಸ್ತರರನ್ನು ಕೇಳಿದೆ. ಅವರು ಕಿಟಕಿಯಾಚೆಯ ಚರ್ಚಿನ ಗೋಪುರವನ್ನು ತೋರಿಸಿದರು. “ಇಂಥ ಎಷ್ಟೋ ಗೋಪುರಗಳನ್ನು ಕಟ್ಟಿದ್ದು ಬಿಯರೇ” ಎಂದರು. ನಾನು ಹಾಸ್ಯವೆಂದುಕೊಂಡೆ. ಆಮೇಲೆ ಪುಸ್ತಕ ತೆಗೆದು ನೋಡಿದರೆ ಮಾತು ನಿಜ. ಮಧ್ಯಯುಗದ ಇಂಗ್ಲೆಂಡಿನಲ್ಲಿ ‘ಚರ್ಚ್ ಏಲ್’ ಎಂಬ ಹಬ್ಬವಿತ್ತು. ಈಸ್ಟರಾದ ಏಳು ವಾರಕ್ಕೆ ಬರುವ ವಿಟ್ಸನ್ ಹಬ್ಬದ ಸುಮಾರಿಗೆ ಊರಿನವರು ಧಾನ್ಯ ಕೊಡುವರು. ಚರ್ಚಿನ ಮೇಲ್ವಿಚಾರಕರು ಅದರಿಂದ ಏಲ್ ಕಾಸಿ ಅದೇ ಊರಿನವರಿಗೆ ಮಾರುವರು. ಆ ಹಣದಿಂದ ಗೋಪುರದ ದುರಸ್ತಿ, ಗಂಟೆ ಎರಕ, ಬಡವರ ಪೋಷಣೆ. ಇದಕ್ಕೆಂದೇ ಕಟ್ಟಿದ ಮನೆಗಳೂ ಇದ್ದವು. ಕೆಟ್ಟುಹೋದ ಸಂಸಾರವೊಂದನ್ನು ಎತ್ತಿ ನಿಲ್ಲಿಸಲು ನೆರೆಯವರು ಕೂಡಿ ಕುಡಿದು ಹಣ ಹಾಕುವ ‘ಬಿಡ್ ಏಲ್’ ಎಂಬ ಪದ್ಧತಿಯೂ ಇತ್ತು. ಮದುವೆಯ ಹೆಣ್ಣಿಗಾಗಿ ನಡೆಯುತ್ತಿದ್ದ ‘ಬ್ರೈಡ್ ಏಲ್’ ಎಂಬುದರಿಂದಲೇ ಇಂಗ್ಲಿಷಿನ ‘ಬ್ರೈಡಲ್’ ಎಂಬ ಶಬ್ದ ಹುಟ್ಟಿತು. ನಮ್ಮಲ್ಲಿ ಮದುವೆಮನೆಯಲ್ಲಿ ಮುಯ್ಯಿ ಓದಿಸುವುದಿಲ್ಲವೆ? ಅದೇ ಭಾವ. ಇಂದು ನಿನಗೆ ನಾವು, ನಾಳೆ ನಮಗೆ ನೀನು.

ಇದನ್ನು ಒಪ್ಪದವರೂ ಆಗಲೇ ಇದ್ದರು. 1583ರಲ್ಲಿ ಫಿಲಿಪ್ ಸ್ಟಬ್ಸ್ ಎಂಬ ಕಟ್ಟುನಿಟ್ಟಿನ ಲೇಖಕ, ದೇವರ ಮನೆಯನ್ನು ಕುಡುಕರ ಹಣದಿಂದ ಕಟ್ಟುವ ಈ ಪರಿಯನ್ನು ಖಾರವಾಗಿ ಹಳಿದ. ಐವತ್ತು ವರ್ಷಗಳ ಮೇಲೆ, 1633ರಲ್ಲಿ, ಸಾಮರ್ಸೆಟ್ ಪ್ರಾಂತದಲ್ಲಿ ನ್ಯಾಯಾಧೀಶರು ಇದನ್ನು ನಿಲ್ಲಿಸಹೊರಟಾಗ, ಅಲ್ಲಿನ ಬಿಷಪ್ ಪಿಯರ್ಸ್ ಇದರ ಪರವಾಗಿ ಆರ್ಚ್‌ಬಿಷಪ್ ಲಾಡನಿಗೆ ಪತ್ರ ಬರೆದ. ಎಷ್ಟೋ ಬಡ ಊರುಗಳು ಗಂಟೆ ಎರೆಸಿದ್ದು, ಗೋಪುರ ಸರಿಪಡಿಸಿದ್ದು ಈ ಹಣದಿಂದಲೇ. ನೆರೆಯವರ ಜಗಳಗಳು ತೀರಿದ್ದೂ ಈ ಹಬ್ಬಗಳಲ್ಲೇ ಎಂಬುದು ಅವನ ವಾದ. ಇಬ್ಬರಲ್ಲಿ ಯಾರು ಸರಿ? ಸ್ಟಬ್ಸನನ್ನು ಓದುವಾಗ ನನ್ನ ಚಿಕ್ಕಮ್ಮ ನೆನಪಾಗುತ್ತಾಳೆ. ಪಿಯರ್ಸನನ್ನು ಓದುವಾಗ ಆ ಸಭಾಭವನ ನೆನಪಾಗುತ್ತದೆ.

ಇನ್ನು ಹಾಸ್ಪೈಸಿನ ಮಾತು. ಈ ಆರೈಕೆಗೆ ಇಂದಿನ ರೂಪ ಕೊಟ್ಟವರು ಡೇಮ್ ಸಿಸಿಲಿ ಸಾಂಡರ್ಸ್. ಮೊದಲು ದಾದಿಯಾಗಿ, ಅನಂತರ ಆಸ್ಪತ್ರೆಯ ಸಮಾಜಸೇವಕಿಯಾಗಿ, ಅದೂ ಸಾಲದೆಂದು ವೈದ್ಯಶಾಸ್ತ್ರ ಓದಿ ವೈದ್ಯೆಯಾಗಿ, 1967ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪೈಸನ್ನು ತೆರೆದರು. ರೋಗ ಗುಣವಾಗದಿದ್ದರೂ ರೋಗಿಗಾಗಿ ಮಾಡಬೇಕಾದದ್ದು ಬೇಕಾದಷ್ಟಿದೆ, ನೋವು ಮೈಯದು ಮಾತ್ರವಲ್ಲ, ಮನಸ್ಸಿನದೂ ಸಂಸಾರದ್ದೂ ಹೌದು ಎಂಬುದು ಅವರ ತಿಳಿವು. ರೋಗಿಗಳಿಂದ ಹಣ ಪಡೆಯದೆ ನಡೆಯುವ ಈ ಮನೆಗಳಿಗೆ ಬ್ರಿಟನ್ನಿನ ಸರ್ಕಾರದಿಂದ ಬರುವುದು ಖರ್ಚಿನ ಒಂದು ಭಾಗ ಮಾತ್ರ. ಉಳಿದ ದೊಡ್ಡ ಪಾಲನ್ನು ಜನರೇ ಕೂಡಿಸಬೇಕು: ಹಳೆಯ ಬಟ್ಟೆಯ ಅಂಗಡಿ ನಡೆಸಿ, ಓಟ ಓಡಿ, ಕೇಕು ಮಾರಿ, ಹೀಗೆ ಬಿಯರು ಬಡಿಸಿ.

ಸಂಜೆ ಇಳಿಯುತ್ತಿದ್ದ ಹಾಗೆ ನಾನು ಬಾಗಿಲ ಬಳಿಯ ಮೇಜಿಗೆ ಬಂದು ಆ ಹಿರಿಯರ ಪಕ್ಕದಲ್ಲಿ ಕುಳಿತೆ. ಅವರ ಮುಂದೆ ಇದ್ದದ್ದು ಚಹಾ.

“ನೀವೂ ಕುಡಿಯುವುದಿಲ್ಲವೆ?” ಎಂದೆ.

“ಕುಡಿಯುತ್ತಿದ್ದೆ. ಎಲ್ಲರ ಪಾಲನ್ನೂ ಕುಡಿದು ಮುಗಿಸಿದೆ. ಬಿಟ್ಟು ಹತ್ತೊಂಬತ್ತು ವರ್ಷವಾಯಿತು” ಎಂದರು.

“ಹಾಗಾದರೆ ಇಲ್ಲಿ ಕೂರುವುದು ಕಷ್ಟವಲ್ಲವೆ?”

ಅವರು ಸ್ವಲ್ಪ ಹೊತ್ತು ಚೀಟಿಗಳನ್ನು ಎಣಿಸಿದರು. ಆಮೇಲೆ, “ಕಷ್ಟವೇ. ಒಳಗೆ ಹೋಗುವುದಿಲ್ಲ, ಬಾಗಿಲಲ್ಲೇ ಕೂರುತ್ತೇನೆ. ನನ್ನ ಹೆಂಡತಿ ಕೊನೆಯ ಹನ್ನೊಂದು ದಿನ ಆ ಮನೆಯಲ್ಲಿದ್ದಳು. ಅವಳಿಗೆ ನೋವಾಗದಂತೆ ನೋಡಿಕೊಂಡರು. ರಾತ್ರಿ ನಾನು ಅವಳ ಪಕ್ಕದಲ್ಲೇ ಮಲಗಲು ಹಾಸಿಗೆ ಹಾಕಿಕೊಟ್ಟರು. ಒಂದು ಪೆನ್ನಿ ಕೇಳಲಿಲ್ಲ. ನಾನು ಎಂಥ ಗಂಡನಾಗಿದ್ದೆನೆಂದೂ ಕೇಳಲಿಲ್ಲ” ಎಂದರು.

ಆ ಕೊನೆಯ ಮಾತು ನನ್ನ ಎದೆಗೆ ತಾಗಿತು. ನಮ್ಮ ಜಗುಲಿಯ ಮೇಲೆ ಮಲಗಿದ್ದವರನ್ನು ನಾವೆಲ್ಲ ಮಾತಿನಲ್ಲಿ ಅಲ್ಲದಿದ್ದರೂ ಕಣ್ಣಿನಲ್ಲಿ ದಿನವೂ ಕೇಳುತ್ತಿದ್ದ ಪ್ರಶ್ನೆ ಅದೇ ತಾನೆ?

ಇಲ್ಲಿಗೆ ಮಾತು ಮುಗಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಪೂರ್ತಿ ಸತ್ಯವಾಗುವುದಿಲ್ಲ. ಮದ್ಯಸಾರ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ತೀರ್ಮಾನಿಸಿದೆ. ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣವೆಂಬುದೇ ಇಲ್ಲವೆಂದು 2023ರಲ್ಲಿ ಆ ಸಂಸ್ಥೆ ಸ್ಪಷ್ಟವಾಗಿ ಹೇಳಿತು. ಹಾಸ್ಪೈಸಿನಲ್ಲಿ ಮಲಗಿರುವವರಲ್ಲಿ ಬಹಳ ಮಂದಿ ಕ್ಯಾನ್ಸರ್ ರೋಗಿಗಳು. ಹಾಗಿರುವಾಗ, ಒಂದು ಕೈಯಿಂದ ರೋಗವನ್ನು ಬಡಿಸಿ ಇನ್ನೊಂದು ಕೈಯಿಂದ ಆರೈಕೆಗೆ ಹಣ ಕೂಡಿಸಿದಂತಾಗಲಿಲ್ಲವೆ? ಈ ಪ್ರಶ್ನೆಯನ್ನು ಆ ಹಿರಿಯರಿಗೆ ಕೇಳುವ ಧೈರ್ಯ ನನಗಾಗಲಿಲ್ಲ.

ಅವರನ್ನು ಕೇಳುವುದಕ್ಕೆ ಮುಂಚೆ ನಮ್ಮನ್ನೇ ಕೇಳಿಕೊಳ್ಳಬೇಕೆಂದೂ ತೋರಿತು. ಮದ್ಯವನ್ನು ನಿಷೇಧಿಸಲು ಸರ್ಕಾರ ಯತ್ನಿಸಬೇಕೆಂದು ನಮ್ಮ ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಅದೇ ವೇಳೆಗೆ ಅಬಕಾರಿ ಸುಂಕ ಕರ್ನಾಟಕದ ಬೊಕ್ಕಸದ ದೊಡ್ಡ ಆದಾಯಗಳಲ್ಲಿ ಒಂದು. ಹೆಂಗಸರು ಬೀದಿಗಿಳಿದು ವರ್ಷಗಟ್ಟಲೆ ಕೂಗಿದ ಮೇಲೆ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆದರೆ ಅಗ್ಗದ ಬಾಟಲಿ ಮದ್ಯ ನಿಲ್ಲಲಿಲ್ಲ. ಆ ಸುಂಕವೂ ಸೇರಿದ ಬೊಕ್ಕಸದಿಂದಲೇ ಶಾಲೆಯ ಸೂರು, ಆಸ್ಪತ್ರೆಯ ಹಾಸಿಗೆ ಬರುತ್ತವೆ. ನನ್ನ ನಿವೃತ್ತಿವೇತನದಲ್ಲಿಯೂ ಚಿಕ್ಕಪ್ಪನ ಗದ್ದೆಯ ಒಂದು ಹೆಂಟೆಯಾದರೂ ಸೇರಿದೆ. ಇಂಗ್ಲೆಂಡಿನ ಆ ಊರಿನವರು ಎರಡು ದಿನ ಬಾಗಿಲು ತೆರೆದು, ಎಲ್ಲರ ಕಣ್ಣೆದುರಿಗೆ ಮಾಡಿದ್ದನ್ನು ನಾವು ವರ್ಷವೆಲ್ಲ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಮಾಡುತ್ತಿದ್ದೇವೆ.

ಕುಡಿಯದವನು ಕುಡಿಯುವವರ ನಡುವೆ ಹೇಗಿರಬೇಕು ಎಂಬುದಕ್ಕೆ ನಮ್ಮ ಪರಂಪರೆಯಲ್ಲಿ ಮಾದರಿಗಳಿವೆ. 1888ರಲ್ಲಿ ಲಂಡನ್ನಿಗೆ ಹೋದ ಗಾಂಧೀಜಿ, ಬ್ಯಾರಿಸ್ಟರರಾಗಲು ಕಡ್ಡಾಯವಾಗಿದ್ದ ಭೋಜನಕೂಟಗಳಲ್ಲಿ ಕುಳಿತರು. ನಾಲ್ವರಿಗೆ ಎರಡು ಬಾಟಲಿ ದ್ರಾಕ್ಷಾರಸ. ಇವರು ಮುಟ್ಟುವುದಿಲ್ಲವಾದ್ದರಿಂದ ಇವರನ್ನು ನಾಲ್ಕನೆಯವರಾಗಿ ಕರೆಯಲು ಪೈಪೋಟಿ ನಡೆಯುತ್ತಿತ್ತೆಂದು ಅವರೇ ಆತ್ಮಕಥೆಯಲ್ಲಿ ನಗುತ್ತ ಬರೆದಿದ್ದಾರೆ. ತಾವು ಕುಡಿಯದಿದ್ದ ರಾಜರತ್ನಂ, ಹೆಂಡ ಕುಡಿಯುವ ರತ್ನನ ನಾಲಗೆಯಲ್ಲಿ ಮಾತನಾಡಿ ಕನ್ನಡಕ್ಕೆ ಒಂದು ಹೊಸ ಕಾವ್ಯವನ್ನೇ ಕೊಟ್ಟರು. ಆ ಪದಗಳಲ್ಲಿ ಮರುಕವುಂಟು, ತಿರಸ್ಕಾರವಿಲ್ಲ. ಅವರಿಗಿಂತ ಎಂಟು ಶತಮಾನ ಹಿಂದೆ, ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನಿದ್ದಾನೆ. ಹೆಂಡ ಮಾರುವುದೇ ಅವನ ಕಾಯಕ. ಅವನ ವಚನಗಳ ಅಂಕಿತ ‘ಧರ್ಮೇಶ್ವರಲಿಂಗ’. ಹೆಂಡವೂ ಧರ್ಮವೂ ಒಂದೇ ಸಾಲಿನಲ್ಲಿ ಕೂರಲಾರವೆಂದು ಭಿತ್ತಿಪತ್ರದ ಮುಂದೆ ಬೆರಗಾಗಿ ನಿಂತಿದ್ದ ನಾನು, ನನ್ನ ಸ್ವಂತ ಭಾಷೆಯ ಈ ಹೆಸರನ್ನು ಮರೆತಿದ್ದೆ.

ಹೊರಡುವ ಹೊತ್ತಿಗೆ ನನ್ನ ಚೀಟಿಗಳೆಲ್ಲ ಜೇಬಿನಲ್ಲೇ ಇದ್ದವು. ಮಿಕ್ಕ ಚೀಟಿಗಳನ್ನು ಹಾಕಲೆಂದು ಬಾಗಿಲ ಬಳಿ ಒಂದು ಬಕೀಟು ಇಟ್ಟಿದ್ದರು. ಅದರಲ್ಲಿ ಬಿದ್ದದ್ದೂ ಹಾಸ್ಪೈಸಿಗೇ. ಅಷ್ಟನ್ನೂ ಹಾಕಿದೆ. ಹಿರಿಯರು ಕೈ ಕುಲುಕಿ, “ಲೋಟ ಮಾತ್ರ ತೆಗೆದುಕೊಂಡು ಹೋಗಿ” ಎಂದರು. ಅದೀಗ ನನ್ನ ಮೇಜಿನ ಮೇಲಿದೆ. ಅದರಲ್ಲಿ ಲೇಖನಿಗಳನ್ನು ಇಟ್ಟಿದ್ದೇನೆ.

ಬೆಂಗಳೂರಿನಲ್ಲಿಯೂ ಇಂಥದೊಂದು ಮನೆಯಿದೆ, ಕರುಣಾಶ್ರಯ. 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಊರಿಗೆ ಹಿಂದಿರುಗಿದ ಮೇಲೆ, ವರ್ಷಕ್ಕೊಮ್ಮೆ ಚಿಕ್ಕಪ್ಪನ ತಿಥಿಯ ದಿನ ಅಲ್ಲಿಗೆ ಒಂದಿಷ್ಟು ಹಣ ಕಳಿಸುತ್ತಿದ್ದೇನೆ. ಆ ಹಣಕ್ಕೆ ಮದ್ಯದ ವಾಸನೆಯಿಲ್ಲವೆಂದು ಮೊದಲ ವರ್ಷ ಮನಸ್ಸಿಗೆ ಸಮಾಧಾನವಾಯಿತು. ಎರಡನೆಯ ವರ್ಷ ಚೆಕ್ಕು ಬರೆಯುವಾಗ ಲೆಕ್ಕ ಹಾಕಿ ನೋಡಿದೆ. ಆ ಚಿಕ್ಕ ಊರಿನವರು ಎರಡು ದಿನಗಳಲ್ಲಿ ಕೂಡಿಸಿದಷ್ಟನ್ನು ಕೊಡಲು ನನಗೆ ಉಳಿದಿರುವ ಆಯುಷ್ಯ ಸಾಲದು. ವಾಸನೆಯಿಲ್ಲದ ನನ್ನ ಹಣದಿಂದ ಒಂದು ಹಾಸಿಗೆಯ ಕೆಲವು ದಿನ ನಡೆದಾವು. ಅವರ ಹಣದಿಂದ ಎಷ್ಟೋ ರಾತ್ರಿಗಳು ನೋವಿಲ್ಲದೆ ಕಳೆದಿರಬೇಕು. ಅವರು ಮಾಡಿದ್ದು ಸರಿಯೆಂದು ಹೇಳಲು ನನಗೆ ಇಂದಿಗೂ ನಾಲಗೆ ಏಳುವುದಿಲ್ಲ. ತಪ್ಪೆಂದು ಹೇಳಹೊರಟರೆ ಬಾಗಿಲಲ್ಲಿ ಚಹಾ ಕುಡಿಯುತ್ತ ಚೀಟಿ ಎಣಿಸುತ್ತಿದ್ದ ಆ ಹಿರಿಯರು ಕಣ್ಣ ಮುಂದೆ ಬರುತ್ತಾರೆ, ಅವರ ಹಿಂದೆಯೇ ನಮ್ಮ ಜಗುಲಿಯೂ ಬರುತ್ತದೆ.